ಬೂದಿಯ ಬಾಣಂತನ

ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ಅಡುಗೆಮನೆಯಿಂದ ಬಂದಾಗಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಅತ್ತೆ ಇದನ್ನು ಬೂದಿಗೂ ತಿನ್ನಿಸಿಬಿಟ್ಟರೆ? ಮಗುವನ್ನು ತಟ್ಟುತ್ತಿದ್ದರೂ ಅದೇ, ಬಟ್ಟೆ ಮಡಿಸುತ್ತಿದ್ದರೂ ಅದೇ. ಬೂದಿ ನಮ್ಮ ಮನೆಯ ಬೆಕ್ಕು, ಹೆಸರಿಗೆ ತಕ್ಕ ಬಣ್ಣ. ಮರಿ ಹಾಕಿ ಎರಡು ವಾರವಾಗುತ್ತಾ ಬಂದಿತ್ತು. ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ ಎಂದು ಫೋನಿನಲ್ಲಿ ಓದಿದ್ದೆ. ಆದರೆ ನಾನು ಓದಿದ್ದನ್ನು ಹೇಳಿದರೆ ಈ ಮನೆಯಲ್ಲಿ ಮೊದಲು ನಗು ಬರುತ್ತದೆ. ದಾವಣಗೆರೆಯಲ್ಲಿ ಓದಿ ಬಂದವಳು, ಮಗು ಸೀನಿದರೂ ಡಾಕ್ಟರಿಗೆ ಫೋನ್ ಹಚ್ಚುವವಳು ಎಂದು ನಮ್ಮೂರು ಜಡೆಯ ಅರ್ಧ ಜನಕ್ಕೆ ಗೊತ್ತು. ಇನ್ನು ಮೇಲೆ ಸುಮ್ಮಸುಮ್ಮನೆ ಫೋನ್ ಮಾಡುವುದಿಲ್ಲ ಎಂದು ನನ್ನ ಗಂಡ ಯತೀಶನಿಗೆ ಮಾತು ಬೇರೆ ಕೊಟ್ಟಿದ್ದೆ.

ನಮ್ಮತ್ತೆ ನಿಂಗಮ್ಮನ ಸಂಗತಿ ಹೇಳದೆ ಆ ಬೆಳ್ಳುಳ್ಳಿಯ ಸಂಗತಿ ತಿಳಿಯುವುದಿಲ್ಲ. ಅಂಬ್ಲಿಗೊಳದ ಕಡೆಯ ಊರಿನಿಂದ ಮದುವೆಯಾಗಿ ಬರುವಾಗ ಅವರ ಹಿಂದೆ ಒಂದು ಗಬ್ಬದ ಕುರಿಯೂ ಬಂದಿತ್ತಂತೆ. ತವರಿನವರು ಕೊಟ್ಟಿದ್ದು. ಆ ಕುರಿ ದಾರಿಯಲ್ಲೇ ಈದು, ಮದುಮಗಳು ಸೀರೆ ಎತ್ತಿ ಕಟ್ಟಿ ಮರಿ ಎಳೆದು, ಗಂಡನ ಮನೆಗೆ ಕಾಲಿಟ್ಟಾಗ ಮಡಿಲಲ್ಲಿ ಅಕ್ಕಿ ತೆಂಗಿನಕಾಯಿಯ ಜೊತೆ ಕುರಿಮರಿಯೂ ಇತ್ತು ಎಂದು ಮಾವ ಗುಡ್ಡಪ್ಪ ಈಗಲೂ ಹೇಳಿ ನಗುತ್ತಾರೆ. ಅಂದಿನಿಂದ ಯಾರ ಹಟ್ಟಿಯಲ್ಲಿ ಕುರಿ ಈಯಲು ಕಷ್ಟಪಟ್ಟರೂ ಅತ್ತೆಗೆ ಕರೆ ಬರುತ್ತದೆ. ಊಟದ ತಟ್ಟೆಯನ್ನು ಹಾಗೆಯೇ ಮುಚ್ಚಿಟ್ಟು ಎದ್ದು ಹೋಗುತ್ತಾರೆ.

ಈದ ಕುರಿಗೂ ಹೆತ್ತ ಹೆಂಗಸಿಗೂ ಅವರ ಕೈಯಲ್ಲಿ ಒಂದೇ ಉಪಚಾರ. ಬೆಳ್ಳುಳ್ಳಿ, ಕಾಳುಮೆಣಸು, ಓಂಕಾಳು, ಬೆಲ್ಲ ಸೇರಿಸಿ ಕುಟ್ಟಿದ ಉಂಡೆ. ಕುರಿಗೆ ನಿಂಬೆಹಣ್ಣಿನಷ್ಟು, ನನಗೆ ನೆಲ್ಲಿಕಾಯಿಯಷ್ಟು. ಬಾಣಂತನಕ್ಕೆ ತವರಿಗೆ ಹೋಗುತ್ತೇನೆಂದಾಗ ಬೇಡವೆನ್ನಲಿಲ್ಲ, ಉಂಡೆಯ ಡಬ್ಬಿಯನ್ನು ಬಸ್ಸಿಗೆ ಹಾಕಿ ಕಳಿಸಿದ್ದರು. ಮರಳಿ ಬಂದಮೇಲೂ ಅವರ ಲೆಕ್ಕದಲ್ಲಿ ನಾನಿನ್ನೂ ಬಾಣಂತಿಯೇ. ಮತ್ತೆ ಅವರ ಬಳಿ ಒಂದು ಹಿತ್ತಾಳೆಯ ಒಳಲೆ ಇದೆ. ಕೂಸಿಗೆ ಹಾಲು ಹಾಕುವ ಮೂತಿಯ ಒಳಲೆ. ಯತೀಶ ಅದರಲ್ಲೇ ಕುಡಿದು ಬೆಳೆದದ್ದು, ತಾಯಿ ಸತ್ತ ಕುರಿಮರಿಗಳೂ ಅದರಲ್ಲೇ. ಈಗ ನನ್ನ ಮಗನ ಸರದಿ. ನಾನು ದಿನವೂ ಅದನ್ನು ಕುದಿಯುವ ನೀರಿಗೆ ಹಾಕುತ್ತೇನೆ. ಅತ್ತೆ ನೋಡಿ, ಒಳಲೆ ಬೆಂದು ಮೆತ್ತಗಾದೀತು ನೋಡೇ ಎಂದು ಚುಚ್ಚುತ್ತಾರೆ.

ಆ ದಿನ ಮನೆಯಲ್ಲಿ ಹಬ್ಬದ ಹಾಗಿತ್ತು. ಬೆಳಿಗ್ಗೆ ಕುರಿಯುಣ್ಣೆ ತುಂಬಿದ ಚೀಲದೊಳಗೆ ಬಗ್ಗಿ ನೋಡಿದರೆ ಬೂದಿಯ ಮರಿಗಳು ಕಣ್ಣು ಬಿಟ್ಟಿದ್ದವು! ನಾನು ಮಗುವನ್ನು ಎತ್ತಿಕೊಂಡೇ ಓಡಿಹೋಗಿ ಅತ್ತೆಯನ್ನು ಎಳೆದು ತಂದೆ. ಬೂದಿ ಇದಕ್ಕೆ ಮೊದಲು ಹಾಕಿದ ಮರಿಗಳನ್ನೆಲ್ಲ ಎಲ್ಲಿಂದಲೋ ಬರುವ ಗಂಡುಬೆಕ್ಕು ತಿಂದಿತ್ತು, ಒಂದೂ ಕಣ್ಣು ಬಿಡುವವರೆಗೆ ಉಳಿದಿರಲಿಲ್ಲ. ಈ ಸಲ ಅತ್ತೆ ಚೀಲವನ್ನು ನನ್ನ ಮಂಚದ ಪಕ್ಕಕ್ಕೇ ತಂದಿಟ್ಟು, ಇಬ್ರು ಬಾಣಂತೇರು ಒಂದೇ ಕೋಣೆಯಾಗಿರ್ಲಿ ಎಂದಿದ್ದರು. ಪಕ್ಕದ ಮನೆಯ ಸುಂಕಲಮ್ಮ ಬಂದು ಒಂದು ಮರಿ ತನಗೇ ಎಂದು ಬೆರಳಿಟ್ಟು ಗುರುತು ಮಾಡಿ ಹೋದರು. ಮಂಜು ಮಂಜಾದ ಆ ನೀಲಿ ಕಣ್ಣುಗಳು ನನ್ನ ಮಗನನ್ನು ನೋಡುತ್ತಿದ್ದವೋ, ಗೋಡೆಯನ್ನೋ, ಅಂತೂ ನನಗೆ ಖುಷಿ ತಡೆಯಲಾಗಲಿಲ್ಲ.

ಅತ್ತೆ ಮಾತ್ರ ಮರಿಗಳನ್ನು ನೋಡಿದ್ದು ಕಡಿಮೆ, ತಾಯಿಯ ಬೆನ್ನು ಸವರಿ ನೋಡಿದ್ದೇ ಹೆಚ್ಚು. ಮೂಳೆ ಕೈಗೆ ಸಿಗುತ್ತಿತ್ತು. ಮರಿಗಳು ಅವಳನ್ನು ಹೀರಿ ಹಿಂಡಿಹಾಕಿದ್ದವು. ತಕ್ಷಣ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಬೆಳ್ಳುಳ್ಳಿಯ ವಾಸನೆ ಬಂದದ್ದು ಆಗ.

ಧೈರ್ಯ ಮಾಡಿ ಅಡುಗೆಮನೆಗೆ ಹೋದೆ. ತಟ್ಟೆಯಲ್ಲಿ ಕಡಲೆಕಾಳಿನಷ್ಟು ಚಿಕ್ಕ ಉಂಡೆಗಳು ಸಾಲಾಗಿ ಕುಳಿತಿದ್ದವು. ಅಷ್ಟು ಮುದ್ದಾಗಿದ್ದವು, ಬೇಡ ಎನ್ನಲು ನಾಲಿಗೆಯೇ ಏಳಲಿಲ್ಲ. ಆದರೂ ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ನಿಂಗೂ ಇದೇ ಬೆಳ್ಳುಳ್ಳಿ ಹಾಕಿದ್ದು ಕಣೇ," ಅತ್ತೆ ತಿರುಗದೆಯೇ ಹೇಳಿದರು. "ಹೆತ್ತೋಳಿಗೆ ಕೊಂಬಿಲ್ಲ, ಬಾಲಿಲ್ಲ. ಹೊಟ್ಟೆ ಅಷ್ಟೇ ಇರಾದು."

"ಬೆಕ್ಕು ಕುರಿಯ ಹಾಗಲ್ಲ ಅತ್ತೆ. ಮೀನು ಬೇಯಿಸಿ ಹಾಕೋಣ, ಉಪ್ಪು ಖಾರ ಇಲ್ಲದೆ. ಉಂಡೆ ಬೇಡ, ನನಗೋಸ್ಕರ."

ಕೊನೆಯ ಮಾತು ಕೆಲಸ ಮಾಡಿತೋ ಏನೋ, ಅತ್ತೆ ತಟ್ಟೆಯನ್ನು ನನ್ನ ಕಡೆ ತಳ್ಳಿ, ಹಂಗಾರೆ ನೀನೇ ತಿನ್ನು ಎಂದರು. ನಾನು ನಿಂತಲ್ಲೇ ಮೂರು ಉಂಡೆ ಬಾಯಿಗೆ ಹಾಕಿಕೊಂಡೆ. ಗಂಟಲು ಉರಿಯಿತು. ಅತ್ತೆಗೆ ನಗು ಬಂತು. ಗೆದ್ದೆ ಅನ್ನಿಸಿತು ನನಗೆ.

ಮಧ್ಯಾಹ್ನ ಯತೀಶ ಶಿರಾಳಕೊಪ್ಪದ ಅಂಗಡಿ ಕೆಲಸದಿಂದ ಊಟಕ್ಕೆ ಬಂದವನು ಒಂದು ಕ್ಯಾಲ್ಸಿಯಂ ಟಾನಿಕ್ ಬಾಟಲಿ ಇಟ್ಟು ಹೋದ. ಅತ್ತೆ ಹೇಳಿ ತರಿಸಿದ್ದು, ಹಿಂಡಿನ ಕುರಿಗಳಿಗೆ. ಅವನ ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಬೂದಿ ಚೀಲದಿಂದ ಇಳಿದಳು. ಮೀನಿನ ತಟ್ಟೆಯ ಕಡೆ ಎರಡು ಹೆಜ್ಜೆ ಇಟ್ಟು, ಹಿಂಗಾಲು ಕಡ್ಡಿಯ ಹಾಗೆ ಸೆಟೆದು ಪಕ್ಕಕ್ಕೆ ವಾಲಿದಳು. ಮೈ ಸಣ್ಣಗೆ ನಡುಗುತ್ತಿತ್ತು. ಬಾಯಿ ತೆರೆದು ಏದುಸಿರು. ಚೀಲದೊಳಗೆ ಮರಿಗಳು ಕೀಚಲು ಶುರು ಮಾಡಿದವು.

ನಾನು ಅತ್ತೇ ಎಂದು ಕಿರುಚಿದೆನಂತೆ, ನನಗೆ ನೆನಪಿಲ್ಲ. ಅವರು ಬಂದು ಒಂದೇ ನೋಟಕ್ಕೆ ಹೇಳಿದರು, ಹಾಲು ಇಳಿದ ಕುರಿಗಳಿಗೆ ಹೀಗೇ ಆಗುತ್ತದೆ, ಮೈಯ ಸುಣ್ಣವೆಲ್ಲ ಹಾಲಿನಲ್ಲಿ ಹೋಗಿಬಿಡುತ್ತದೆ ಎಂದು. ಹೇಳುತ್ತಲೇ ಟಾನಿಕ್ ಬಾಟಲಿಯ ಮುಚ್ಚಳ ತಿರುಗಿಸಿ, ನಾನು ಕುದಿಸಿ ಒರೆಸಿಟ್ಟಿದ್ದ ಒಳಲೆಗೆ ಬಗ್ಗಿಸಿದರು. ಬೂದಿಯ ಕತ್ತನ್ನು ಮೊಣಕಾಲಿನ ಮಧ್ಯೆ ಹಿಡಿದು, ಒಳಲೆಯ ಮೂತಿಯನ್ನು ಬಾಯಿಯ ಹತ್ತಿರ ತಂದರು. ನಾನು ಅವರ ಮಣಿಕಟ್ಟು ಹಿಡಿದೆ. ಮದುವೆಯಾಗಿ ಬಂದಮೇಲೆ ಅವರ ಕೈಯನ್ನು ಹಾಗೆ ಹಿಡಿದದ್ದು ಅದೇ ಮೊದಲು.

"ಬಿಡು ಕೈಯ."

"ನಡುಗುತ್ತಿದ್ದಾಳೆ ಅತ್ತೆ. ನುಂಗೋಕಾಗಲ್ಲ. ಶ್ವಾಸಕ್ಕೆ ಹೋಗುತ್ತೆ."

ಬಾಟಲಿಯನ್ನು ತಿರುಗಿಸಿ ತೋರಿಸಿದೆ. ಆಕಳು, ಎಮ್ಮೆ, ಕುರಿ, ಮೇಕೆ, ಎಲ್ಲರ ಚಿತ್ರವೂ ಇತ್ತು, ಯಾರಿಗೆ ಎಷ್ಟು ಎಂದೂ ಇತ್ತು. ಬೆಕ್ಕಿರಲಿಲ್ಲ. ನನ್ನದೇ ಬಾಣಂತನದ ಕ್ಯಾಲ್ಸಿಯಂ ಮಾತ್ರೆ ಕಪಾಟಿನಲ್ಲಿದ್ದದ್ದು ಆ ಗಾಬರಿಯಲ್ಲಿ ನನಗೂ ನೆನಪಾಯಿತು, ಅರ್ಧ ಪುಡಿ ಮಾಡಿ ಕೊಟ್ಟರೆ ಎಂದು. ಅದರಲ್ಲಿರುವ ವಿಟಮಿನ್ ಡಿ ಮನುಷ್ಯರ ಅಳತೆಯದು, ಇಷ್ಟು ಸಣ್ಣ ಜೀವಕ್ಕೆ ವಿಷವಾದೀತು ಎಂಬುದೂ ಹಿಂದೆಯೇ ನೆನಪಾಗಿ ಕಪಾಟಿನ ಕಡೆ ಹೋಗಲಿಲ್ಲ.

ಅತ್ತೆ ಒಳಲೆಯನ್ನೊಮ್ಮೆ ಬೂದಿಯನ್ನೊಮ್ಮೆ ನೋಡಿದರು.

"ಕುರಿ ಆದ್ರೆ ಎಷ್ಟು ಹಾಕ್ಬೇಕಂತ ಕೈಯೇ ಹೇಳ್ತದೆ," ಎಂದರು ಕೊನೆಗೆ. "ಇದಕ್ಕೆ ಹೇಳವಲ್ದು." ಒಳಲೆಯನ್ನು ನೆಲಕ್ಕಿಟ್ಟರು. "ಕಾಯಿಲೆ ನಂಗೊತ್ತು, ಅಳತೆ ಗೊತ್ತಿಲ್ಲ. ಹಚ್ಚು ನಿನ್ ಡಾಕ್ಟ್ರಿಗೆ. ಯತೀಶ ಏನಾರ ಅಂದ್ರೆ ನಾನಿದೀನಿ."

ಸೊರಬದಲ್ಲಿ ಪಶುವೈದ್ಯೆ ನಯನ ಇದ್ದಾರೆ, ಕುರಿಗಳಿಗೆ ಲಸಿಕೆ ಹಾಕಲು ಬಂದಾಗ ನಂಬರು ಇಟ್ಟುಕೊಂಡಿದ್ದೆ. ಬೆಕ್ಕಿಗೆಂದು ಫೋನ್ ಮಾಡಿದರೆ ಏನೆಂದುಕೊಂಡಾರು ಎಂದು ಬೆಳಿಗ್ಗೆಯಿಂದ ಹಿಂಜರಿದದ್ದು ಅದೇ ನಂಬರಿಗೆ. ಮಗು ಒಂದು ತೋಳಿನಲ್ಲಿ, ಫೋನು ಇನ್ನೊಂದರಲ್ಲಿ. ಅವರು ಎತ್ತಿದ ಕೂಡಲೇ ಕಾಲು ಸೆಟೆದದ್ದು, ನಡುಕ, ಮರಿಗಳ ಕಣ್ಣು, ಎಲ್ಲವನ್ನೂ ಹಿಂದುಮುಂದಾಗಿ ಸುರಿದೆ. ಅವರು ನಗಲಿಲ್ಲ.

"ಬಾಯಿಗೆ ಏನಾದ್ರೂ ಹಾಕಿದ್ರಾ?"

ನಾನು ಉತ್ತರಿಸುವ ಮೊದಲೇ ಅತ್ತೆ ಫೋನಿಗೆ ಬಾಯಿ ತಂದರು. "ಹಾಕೋಳಿದ್ದೆ ತಾಯಿ. ಸೊಸೆ ಕೈ ಹಿಡಿದ್ಲು."

"ಒಳ್ಳೇದಾಯ್ತು ಬಿಡಿ. ಏನೂ ಹಾಕ್ಬೇಡಿ. ಮರಿಗಳನ್ನ ಬೇರೆ ಮಾಡಿ ಬೆಚ್ಚಗಿಡಿ, ತಾಯಿನ ಬುಟ್ಟಿಯಲ್ಲಿಟ್ಟು ಈಗಲೇ ಹೊರಡಿ. ಬೇಗ ಬಂದ್ರೆ ಇಂಜೆಕ್ಷನ್‌ಗೆ ಸುಧಾರಿಸ್ತಾಳೆ. ನಾನು ಇಲ್ಲೇ ಇರ್ತೀನಿ."

ಬಂದೆವು, ಬಂದೆವು ಎಂದು ನಾನು ಫೋನಿನಲ್ಲಿ ಹೇಳುತ್ತಲೇ ಇದ್ದೆ. ಅತ್ತೆ ಆಗಲೇ ಬೂದಿಯನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಸುಂಕಲಮ್ಮನ ಮಗನ ಆಟೋವನ್ನು ಕೂಗುತ್ತಾ ಬಾಗಿಲು ದಾಟಿದ್ದರು.