ಮೂರು ದಾರಿಯಲ್ಲಿ ಹೋದ ಒಂದು ಮಾತ್ರೆ

ನನ್ನ ಗಂಡ ನೌಕಾಪಡೆಯಲ್ಲಿದ್ದಾರೆ. ಹಡಗಿನಲ್ಲಿ ಸಂದೇಶ ಕಳಿಸುವ, ಬಂದದ್ದನ್ನು ತೆಗೆದುಕೊಳ್ಳುವ ಕೋಣೆಯಲ್ಲಿ ಕೆಲಸ. ನನಗೆ ಗೊತ್ತಿರುವುದು ಇಷ್ಟೇ. ಇಷ್ಟೇ ಗೊತ್ತಿದ್ದರೆ ಸಾಕು ಎಂಬುದೂ ಗೊತ್ತು. ಹಡಗು ಹೊರಟ ಮೇಲೆ ನಾನು ಫೋನಿನಲ್ಲಿ ಏನು ಕಳಿಸಿದರೂ ಒಂದೇ ಟಿಕ್. ಹದಿನೈದು ದಿನವಾದರೂ ಅದು ಎರಡಾಗುವುದಿಲ್ಲ. ಒಮ್ಮೆ ಯಾವುದೋ ಬಂದರಿನಿಂದ ಅವರೇ ಫೋನ್ ಮಾಡಿದ್ದರು.

"ಎಲ್ಲಿದ್ದೀರಿ?"

"ನೀರಿನ ಮೇಲೆ."

"ಊಟ ಆಯ್ತಾ?"

"ಅದನ್ನ ಹೇಳೂಕೆ ಅಡ್ಡಿಲ್ಲ. ಆಯ್ತು."

ರಜೆಗೆ ಬಂದ ಒಂದು ಭಾನುವಾರ ಅವರು ಅಡುಗೆಮನೆಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ಸಮುದ್ರದ ನಡುವೆ ಟವರ್ ಇಲ್ಲ, ಹಡಗುಗಳೆಲ್ಲ ಒಂದೊಂದು ಕಡೆ, ನೀವು ಹೇಗೆ ಮಾತಾಡಿಕೊಳ್ಳುತ್ತೀರಿ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿರುವಷ್ಟನ್ನು ಹೇಳಿದರು. ಸಂಪರ್ಕ ಸ್ವಲ್ಪ ಹೊತ್ತು ಬರುತ್ತದೆ, ಮತ್ತೆ ಹೋಗುತ್ತದೆ. ಹಾಗಾಗಿ ಸಂದೇಶ ಒಬ್ಬರ ಹತ್ತಿರ ಕೂತಿರುತ್ತದೆ, ಮುಂದಿನವರು ಸಿಕ್ಕಾಗ ಅವರಿಗೆ ದಾಟುತ್ತದೆ.

"ಮುಖ್ಯವಾದ್ದನ್ನ ಒಂದೇ ದಾರಿ ನಂಬಿ ಬಿಡೂದಿಲ್ಲ ಮಾರಾಯ್ತಿ. ಅದೇ ಮಾತನ್ನ ಎರಡು ಮೂರು ದಾರೀಲಿ ಕಳಿಸ್ತೇವೆ. ಒಂದು ತಪ್ಪಿದ್ರೆ ಇನ್ನೊಂದು ಮುಟ್ತದೆ. ಆದ್ರೆ ಹಂಗೆ ಕಳಿಸೂವಾಗ..."

ಅಷ್ಟರಲ್ಲಿ ಕುಕ್ಕರ್ ಸೀಟಿ ಹಾಕಿತು. ನಾನು ಎದ್ದು ಹೋಗಿ ಬೇಳೆ ನೋಡಿ ಬರುವಷ್ಟರಲ್ಲಿ ಸಿಗಡಿಯೂ ಮುಗಿದಿತ್ತು, ಮಾತೂ ಮುಗಿದಿತ್ತು.

"ಏನೋ ಹೇಳ್ತಿದ್ರಲ್ಲ?"

"ಹೇಳಾಯ್ತು. ನೀ ಇರ್ಲಿಲ್ಲ."

ಮತ್ತೆ ಕೇಳಲಿಲ್ಲ. ಅರ್ಧ ಪಾಠವೇ ಸಾಕೆನಿಸಿತು.

ನನ್ನ ತವರು ಹಿಲ್ಲೂರು. ಕಾರವಾರದ ನಮ್ಮ ಮನೆಯಿಂದ ಅಂಕೋಲೆಗೆ ಒಂದು ಬಸ್ಸು, ಅಲ್ಲಿಂದ ಕಾಡಿನ ಕಡೆಗೆ ಇನ್ನೊಂದು. ಅಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ ಇದ್ದಾರೆ. ಫೋನೂ ಇದೆ. ಸಿಗ್ನಲ್ ಮಾತ್ರ ಗದ್ದೆಯ ಆಚೆ ತುದಿಯಲ್ಲಿ, ಅದೂ ಕರೆಂಟ್ ಇದ್ದಾಗ. ಅವ್ವನಿಗೆ ಸಕ್ಕರೆ ಕಾಯಿಲೆ. ಮಾತ್ರೆಗಳನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿಟ್ಟುಕೊಂಡಿದ್ದಾಳೆ. ಆ ಡಬ್ಬಿಯನ್ನು ಸೊಸೆಯೂ ಮುಟ್ಟುವಂತಿಲ್ಲ.

ಈಚೆಗೆ ಅವಳನ್ನು ಕಾರವಾರದ ಡಾಕ್ಟರಿಗೆ ತೋರಿಸಿದೆ. ರಕ್ತ ಕೊಟ್ಟು ಅವಳು ಊರಿಗೆ ಮರಳಿದಳು. "ರಿಪೋರ್ಟ್ ನೋಡಿ ನಿಧಾನಕ್ಕೆ ಮಾತ್ರೆ ಏರಿಸ್ತೇನೆ" ಎಂದು ಡಾಕ್ಟರು ಅವಳೆದುರೇ ಹೇಳಿದ್ದರು. ಆ ಮಾತನ್ನು ಅವ್ವ ಗಂಟು ಹಾಕಿ ಇಟ್ಟುಕೊಂಡಿದ್ದಳೆಂದು ನನಗೆ ಆಮೇಲೆ ತಿಳಿಯಿತು. ನಾಲ್ಕು ದಿನದ ಮೇಲೆ ರಿಪೋರ್ಟ್ ಬಂತು. ಬೆಳಿಗ್ಗೆ ಒಂದು ಇದ್ದದ್ದಕ್ಕೆ ರಾತ್ರಿ ಒಂದು ಸೇರಿಸಿ ಎಂದರು.

ಮಕ್ಕಳಿಗೆ ಪರೀಕ್ಷೆ ಇತ್ತು. ನಾನು ಹಿಲ್ಲೂರಿನವರೆಗೆ ಹೋಗಿಬರುವ ಹಾಗಿರಲಿಲ್ಲ. ಗಂಡ ಹೇಳಿದ್ದು ನೆನಪಾಯಿತು. ಮೂರು ದಾರಿ ಹಿಡಿದೆ.

ಮೊದಲನೆಯದು ಮೀನಿನ ಅಕ್ಕ. ಹಾರವಾಡದವಳು. ವಾರದಲ್ಲಿ ಎರಡು ದಿನ ಕಾರವಾರದ ಮೀನುಪೇಟೆಯಲ್ಲಿ ಕೂರುತ್ತಾಳೆ, ಬುಧವಾರ ಬುಟ್ಟಿ ಹೊತ್ತು ಹಿಲ್ಲೂರಿನ ಬಸ್ಸು ಹತ್ತುತ್ತಾಳೆ. ನನ್ನ ಮದುವೆಯ ಮಾತುಕತೆಯ ಅರ್ಧ ಸುದ್ದಿ ಅವಳ ಬುಟ್ಟಿಯ ಜೊತೆಗೇ ಓಡಾಡಿತ್ತು. "ರಾತ್ರಿಗೆ ಒಂದು ಮಾತ್ರೆ ಜಾಸ್ತಿ ಮಾಡಬೇಕಂತೆ, ಅವ್ವನಿಗೆ ಹೇಳು" ಎಂದೆ. ಎರಡನೆಯದು ಫೋನು. ಅದನ್ನೇ ಮಾತಾಡಿ ತಮ್ಮನಿಗೆ ಕಳಿಸಿದೆ. ಒಂದು ಟಿಕ್. ಮೂರನೆಯದು ಚೀಟಿ. ಶುಕ್ರವಾರ ಅಂಕೋಲೆಯಲ್ಲಿ ನೆಂಟರ ಮನೆಯ ಸತ್ಯನಾರಾಯಣ ಕಥೆ ಇತ್ತು. ಪ್ರಸಾದ ತೆಗೆದುಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಹಿಲ್ಲೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾತ್ರೆಯ ಪೊಟ್ಟಣ ಕೊಟ್ಟೆ. ಒಳಗೆ ಬರೆದಿದ್ದೆ: ರಾತ್ರಿ ಒಂದು ಜಾಸ್ತಿ ಮಾಡು.

ದಿನಾ ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ಹೇಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಹೀಗೆ. ಅಂದು ಕಂಡಕ್ಟರ್ ಪರಿಚಯದವನಾಗಿದ್ದನ್ನೂ ಸೇರಿಸಿದೆ.

ಮುಂದಿನ ಗುರುವಾರ ಮೀನುಪೇಟೆಗೆ ಹೋದಾಗ ಅಕ್ಕ ಬಂಗಡೆ ತೂಗುತ್ತಲೇ ಕೇಳಿದಳು.

"ಎಂತ ತಂಗಿ, ಅವ್ವನ್ನ ಬೇಗ ಕಳಿಸೂ ಲೆಕ್ಕ ಹಾಕಿದ್ಯಾ?"

"ಯಾಕಕ್ಕ?"

"ನಿನ್ನೆ ಹೋದ್ರೆ ಜಗಲಿ ಮೇಲೆ ಕೂತು ನಡುಗ್ತಿದ್ಲು. ಮೈಯೆಲ್ಲ ಬೆವರು. ರಾತ್ರಿಗೆ ಮೂರು ಮಾತ್ರೆಯಂತೆ ಈಗ. ನೀ ನಂಗೆ ಹೇಳಿದ್ದು ಒಂದು ಅಲ್ದಾ? ನಾ ಹೇಳಿದ್ದೂ ಒಂದೇ. ಉಳಿದದ್ದು ನನ್ನ ತಲೆಗೆ ಕಟ್ಬೇಡ."

ಬಂಗಡೆ ಅಲ್ಲೇ ಬಿಟ್ಟೆ. ತಮ್ಮನಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾನೆ ಎಂದಿತು. ಗಂಡನಿಗೆ ಬರೆದೆ. ಒಂದು ಟಿಕ್. ಡಾಕ್ಟರು ಮಾತ್ರ ಸಿಕ್ಕರು. ಇನ್ನೊಂದು ಮಾತ್ರೆಯನ್ನೂ ಕೊಡಬೇಡಿ, ಸಿಹಿ ತಿನ್ನಿಸಿ, ರಾತ್ರಿಯೊಳಗೆ ಯಾವುದಾದರೂ ಆಸ್ಪತ್ರೆಗೆ ಒಯ್ಯಿರಿ ಎಂದರು. ರಾತ್ರಿಯೊಳಗೆ ಹಿಲ್ಲೂರು ಮುಟ್ಟುವ ದಾರಿ ಒಂದೇ ಉಳಿದಿತ್ತು. ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ ನಾನೇ ಬಸ್ಸು ಹತ್ತಿದೆ. ಎರಡೂ ಬಸ್ಸು ಇಳಿಯುವವರೆಗೂ ಒಂದೇ ಮಂತ್ರ ಹೇಳಿಕೊಂಡೆ. ಯಾವ ದೇವರದ್ದೆಂದು ಈಗ ನೆನಪಿಲ್ಲ.

ಅವ್ವ ಜಗಲಿಯಲ್ಲೇ ಇದ್ದಳು. ನನ್ನನ್ನು ನೋಡಿದ್ದೇ ಕೇಳಿದಳು.

"ಎಂತದೆ, ನಾಲ್ಕು ಮಾಡಿದ್ರಾ?"

"ನಾಲ್ಕಲ್ಲ ಅವ್ವಾ. ಒಂದು. ನಿಂಗೆ ಮೂರು ಮಾಡೂಕೆ ಯಾರು ಹೇಳಿದ್ರು?"

"ನೀನೆಯ. ಬುಧವಾರ ಒಂದು ಜಾಸ್ತಿ ಅಂದೆ, ಮಾಡ್ದೆ. ಶುಕ್ರವಾರ ಚೀಟೀಲಿ ಒಂದು ಜಾಸ್ತಿ ಅಂದೆ, ಮಾಡ್ದೆ. ಆಯ್ತವಾರ ನಿನ್ನ ತಮ್ಮ ಪೇಟೆಗೆ ಹೋಗಿ ಬಂದವ, ನೀ ಫೋನಲ್ಲಿ ಒಂದು ಜಾಸ್ತಿ ಅಂದಿದ್ದೆ ಅಂದ. ನಿಧಾನಕ್ಕೆ ಏರಿಸ್ತೆ ಅಂತ ಡಾಕ್ಟರು ಹೇಳಿದ್ದು ನೀನೂ ಕೇಳಿದ್ಯಲ್ಲ. ನಿಧಾನ ಸ್ವಲ್ಪ ಕಡಿಮೆ ಆಯ್ತು ಅಂತ ನಂಗೂ ಅನ್ಸಿತ್ತು."

ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಮಂಗಳವಾರದಿಂದ ಕೈಕಾಲು ನಡುಗುತ್ತಿತ್ತಂತೆ. ಬುಧವಾರ ಮುಂಜಾನೆ ದೇವರ ಮುಂದೆ ನೈವೇದ್ಯಕ್ಕೆ ಬೆಲ್ಲ ಇಟ್ಟು ಗಂಟೆ ಬಾರಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿ, ದೇವರಿಗೆ ತೋರಿಸುವ ಮೊದಲೇ ಅಷ್ಟೂ ಬೆಲ್ಲ ತಿಂದುಬಿಟ್ಟಿದ್ದಳು. ಅವಳಿಗೆ ನಡುಕಕ್ಕಿಂತ ಆ ಅಪಚಾರದ್ದೇ ಚಿಂತೆ. ಆ ರಾತ್ರಿಯೇ ಅವಳನ್ನು ಒಯ್ದ ಅಂಕೋಲೆಯ ಆಸ್ಪತ್ರೆಯಲ್ಲಿ ಡಾಕ್ಟರು ಆ ಬೆಲ್ಲ ಅವಳನ್ನು ಉಳಿಸಿತು ಎಂದರು. ನನ್ನ ಪ್ರಕಾರ ಅದು ನೈವೇದ್ಯವೇ, ದೇವರು ತಾನೇ ದಾರಿ ಬದಲಿಸಿ ಕಳಿಸಿದ. ಆಸ್ಪತ್ರೆಯವರು ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಗಂಡ ಬಂದ ಮೇಲೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಚಾ ಲೋಟ ಕೆಳಗಿಟ್ಟರು.

"ಅವತ್ತು ಕುಕ್ಕರ್ ಸೀಟಿ ಹಾಕಿದ್ದು ಈ ಮಾತಿನ ಮೇಲೇ. ಮೂರು ದಾರೀಲಿ ಕಳಿಸೂದಾದ್ರೆ ಮೂರಕ್ಕೂ ಒಂದೇ ನಂಬರ್ ಹಾಕ್ಬೇಕು. ತಗೊಂಡವರು ಈ ನಂಬರ್ ಆಗ್ಲೇ ಬಂದದೆ ಅಂತ ಎರಡನೇದನ್ನ ಬಿಡ್ತಾರೆ. ಮತ್ತೆ ಒಂದು ಜಾಸ್ತಿ ಅಂತ ಹೇಳೂದಲ್ಲ, ಒಟ್ಟು ಎಷ್ಟು ಅಂತ ಹೇಳೂದು. ಒಟ್ಟು ಎರಡು ಅಂತ ನೂರು ಸಲ ಹೇಳಿದ್ರೂ ಎರಡೇ."

"ತಗೊಂಡ್ರೋ ಇಲ್ವೋ ಗೊತ್ತಾಗೂದು ಹೇಂಗೆ?"

"ಮುಟ್ತು ಅಂತ ತಿರುಗಿ ಅವರು ಹೇಳ್ಬೇಕು. ಹೇಳೂವರೆಗೂ ಮುಟ್ಲಿಲ್ಲ ಅಂತ್ಲೇ ಲೆಕ್ಕ."

ಈಗ ನಾನು ಹಾಗೇ ಮಾಡುತ್ತೇನೆ. ಅಕ್ಕನಿಗೂ, ಚೀಟಿಗೂ, ಫೋನಿಗೂ ಒಂದೇ ಮಾತು: "ಮಾತು ನಂಬರ್ ಒಂದು. ದಿನಕ್ಕೆ ಒಟ್ಟು ಎರಡು." ಅಕ್ಕನಿಗೆ ಇದು ಹಿಡಿಸಲಿಲ್ಲ. "ನಾ ಮೀನು ಮಾರೂದಾ, ಪೋಸ್ಟ್ ಹಂಚೂದಾ?" ಎಂದಳು. ಆದರೂ ನಂಬರ್ ಮರೆಯಲಿಲ್ಲ. ಮುಟ್ಟಿದ್ದಕ್ಕೆ ಗುರುತಾಗಿ ವಾರ ಮುಗಿದ ಮೇಲೆ ಮಾತ್ರೆಯ ಖಾಲಿ ಪಟ್ಟಿಯನ್ನು ಅವಳ ಕೈಯಲ್ಲೇ ಕಳಿಸಲು ಅವ್ವನಿಗೆ ಹೇಳಿದ್ದೆ.

ಮೊದಲ ಪಟ್ಟಿ ಗುರುವಾರ ಬಂತು. ಬಾಳೆ ಎಲೆಯಲ್ಲಿ ಸುತ್ತಿದ್ದರೂ ಬಂಗಡೆಯ ವಾಸನೆ. ಬಿಚ್ಚಿದರೆ ಒಂದು ಮಾತ್ರೆ ಹಾಗೇ ಇತ್ತು. 

"ಒಂದು ಬಿಟ್ಟಿದ್ದಾಳಲ್ಲ ಅಕ್ಕ."

"ಬಿಡ್ಲಿಲ್ಲ. ಹದಿನೈದರ ಪಟ್ಟಿ ಅಂತೆ, ವಾರಕ್ಕೆ ಹದಿನಾಲ್ಕು ಅಂತೆ. ಒಂದು ಉಳೀತು, ಒಳ್ಳೇದೇ ಆಯ್ತು, ಮಗಳ ಮನೆಗೆ ಖಾಲಿ ಕಳಿಸೂದು ತಪ್ತು ಅಂದ್ಲು. ಬಂಗಡೆ ಬೇಕಾ, ಬೇಡ್ವಾ?"

ಎರಡು ಸಲ ಎಣಿಸಿದೆ. ಖಾಲಿ ಗುಳಿ ಹದಿನಾಲ್ಕು. ಬಂಗಡೆ ತೆಗೆದುಕೊಂಡೆ. ಸಂಜೆ ದೀಪ ಹಚ್ಚಿದಾಗ ಬೇರೆ ಯಾವ ಉಪಕಾರವೂ ನೆನಪಾಗಲಿಲ್ಲ. "ಹದಿನಾಲ್ಕು" ಎಂದಷ್ಟೇ ಹೇಳಿ ಕೈಮುಗಿದೆ. ಪಟ್ಟಿಯನ್ನು ದೇವರ ಗೂಡಿನಲ್ಲಿಡುವ ಮನಸ್ಸಾಗಿತ್ತು. ಮೀನಿನ ವಾಸನೆ ಇದ್ದುದರಿಂದ ಕಿಟಕಿಯ ಕಟ್ಟೆಯ ಮೇಲಿಟ್ಟೆ.