ಎರಡು ಗಂಟೆಗೆ ಹೊರಳಿಸಿಲ್ಲ

ನಮ್ಮ ವಾರ್ಡಿನಲ್ಲಿ ಅಕ್ಕ ಎಂದರೆ ಒಬ್ಬರೇ. ಇಪ್ಪತ್ತೆರಡು ವರ್ಷ ಹಸುಗೂಸುಗಳನ್ನೇ ನೋಡಿಕೊಂಡ ಹಿರಿಯ ನರ್ಸು. ಬಾಯಿ ಜೋರು. ಅವರಿಂದ ಬೈಸಿಕೊಳ್ಳದೆ ಇಲ್ಲಿ ಯಾರೂ ಕೆಲಸ ಕಲಿತಿಲ್ಲ. ನನಗಂತೂ ಅವರ ಬೈಗುಳ ಊಟಕ್ಕೆ ಉಪ್ಪಿದ್ದ ಹಾಗೆ, ದಿನವೂ ಇರಲೇಬೇಕು.

ಆ ಅವಳಿ ಹೆಣ್ಣುಮಕ್ಕಳು ನಮ್ಮಲ್ಲಿಗೆ ಬಂದಾಗ ಹುಟ್ಟಿ ಎರಡು ದಿನವಾಗಿತ್ತು. ಎದೆಯ ಕೆಳಗಿನಿಂದ ಹೊಕ್ಕುಳದವರೆಗೆ ಅಂಟಿಕೊಂಡಿದ್ದರು, ಮುಖಕ್ಕೆ ಮುಖ. ಚಿಕ್ಕವಳ ಹೃದಯ ದುರ್ಬಲ, ದಿನ ಕಳೆದಷ್ಟೂ ಸೋಲುತ್ತಿತ್ತು. ಮೂರನೇ ವಾರದ ಗುರುವಾರ ಬೇರ್ಪಡಿಸುವುದೆಂದು ಸರ್ಜನ್ ಗೊತ್ತು ಮಾಡಿದ್ದರು. ಅಲ್ಲಿಯವರೆಗೆ ಕೂಡಿದ ಜಾಗದ ಚರ್ಮ ಕೆಡದಂತೆ ಕಾಯುವುದು ನಮ್ಮ ಪಾಲಿನ ಕೆಲಸ. ಚರ್ಮ ಒಡೆದರೆ ಸೋಂಕು, ಸೋಂಕಾದರೆ ಆಪರೇಷನ್ ಇಲ್ಲ. ಅದಕ್ಕೇ ಎರಡು ಗಂಟೆಗೊಮ್ಮೆ ನಾಲ್ಕು ಕೈ ಕೊಟ್ಟು ಮಗ್ಗುಲು ಬದಲಿಸಬೇಕು. ಹೇಳಲು ಸುಲಭ! ಒಬ್ಬಳು ಕಣ್ಣು ಮುಚ್ಚಿದರೆ ಇನ್ನೊಬ್ಬಳು ಒದ್ದು ಎಬ್ಬಿಸುತ್ತಿದ್ದಳು. ಇಬ್ಬರೂ ಒಟ್ಟಿಗೆ ನಿದ್ದೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಆಪರೇಷನ್ನಿಗೆ ನಾಲ್ಕು ದಿನವಿದೆ ಎನ್ನುವಾಗ, ಭಾನುವಾರ ಮಧ್ಯಾಹ್ನ ಇಬ್ಬರೂ ಮಲಗಿಬಿಟ್ಟರು. ಎರಡು ಗಂಟೆಗೆ ನಾನು ಕೈ ತೊಳೆದು ಬಂದರೆ, ಪಕ್ಕದಲ್ಲಿ ಕೂತಿದ್ದ ತಾಯಿ ಕೈ ಮುಗಿದಳು.

"ಸಿಸ್ಟರ್, ಇದೊಂದ್ಸಲ ಬಿಟ್ಬಿಡಿ. ಹುಟ್ಟಿದ್ಮೇಲೆ ಇವತ್ತೇ ಇಬ್ರೂ ಒಟ್ಟಿಗೆ ಮಲಗಿರೋದು."

ಅಕ್ಕ ಗದರುತ್ತಾರೆಂದು ಕಾದೆ. ಗದರಲಿಲ್ಲ! "ಮಲಗಿರೋ ಮಕ್ಕಳನ್ನ ಎಬ್ಬಿಸಿದ್ರೆ ಪಾಪ ಬರತ್ತೆ, ನಡಿ ನಡಿ" ಎಂದು ನನ್ನನ್ನೇ ಅಟ್ಟಿದರು.

ನಾಲ್ಕಕ್ಕೆ ಹೊರಳಿಸಿದಾಗ ಕೂಡಿದ ಜಾಗದಲ್ಲಿ, ಚಿಕ್ಕವಳ ಕಡೆಗೆ, ಹೆಬ್ಬೆರಳಗಲ ಕೆಂಪಾಗಿತ್ತು. ಒತ್ತಿ ನೋಡಿದರೂ ಬಣ್ಣ ಬಿಡಲಿಲ್ಲ. ಚರ್ಮ ಒಡೆಯುವ ಮೊದಲ ಗುರುತು ಅದು. ಅಕ್ಕ ಪೆನ್ನು ತೆಗೆದು ಚಾರ್ಟಿನಲ್ಲಿ ಬರೆದರು: ಎರಡು ಗಂಟೆಗೆ ಹೊರಳಿಸಿಲ್ಲ, ತಪ್ಪು ನನ್ನದು. ಕೆಳಗೆ ಸಹಿ.

"ಬರೀಲೇಬೇಕಾ ಅಕ್ಕ?" ಎಂದೆ. ನಾನೇನು ಸತ್ಯಹರಿಶ್ಚಂದ್ರನ ವಂಶದವಳಲ್ಲ.

"ಬಾಯಿ ಮುಚ್ಚು" ಎಂದರು.

ಸರ್ಜನ್ ಅದನ್ನು ಎರಡು ಸಲ ಓದಿದರು. "ಬುಧವಾರ ನೋಡ್ತೀನಿ. ವಾಸಿ ಆಗ್ದಿದ್ರೆ ಮುಂದಕ್ಕೆ ಹಾಕ್ಬೇಕಾಗತ್ತೆ. ಚಿಕ್ಕೋಳು ಅಷ್ಟು ದಿನ ತಡೀತಾಳೆ ಅಂತ ನನಗನ್ಸಲ್ಲ."

ತಾಯಿ ಗೋಡೆಗೊರಗಿ ಅತ್ತಳು. "ನಾನೇ ಬೇಡ ಅಂದೆ, ನನ್ನಿಂದಾನೇ ಆಯ್ತು."

"ಸುಮ್ನಿರಮ್ಮ" ಎಂದರು ಅಕ್ಕ. "ನೀನು ತಾಯಿ, ಕೇಳ್ದೆ. ನಾನು ನರ್ಸು, ಆಗಲ್ಲ ಅನ್ಬೇಕಿತ್ತು."

ಆಮೇಲೆ ಮೂರು ದಿನ ಅವರು ಮನೆಯ ಮುಖ ನೋಡಲಿಲ್ಲ. ಗಂಟೆಗೊಮ್ಮೆ ಹೊರಳಿಸುವುದು, ಮೆತ್ತಗೆ ಒರೆಸುವುದು, ಗಾಳಿಯಾಡಲು ಬಿಡುವುದು. ಇನ್ನೆರಡು ಕೈ ಆ ತಾಯಿಯವೇ. ಅವಳಿಗೂ ನನ್ನಷ್ಟೇ ಬೈಗುಳ ಬಿತ್ತು. ಮಂಗಳವಾರ ಕೆಂಪು ಬಟಾಣಿಯಷ್ಟಕ್ಕೆ ಇಳಿಯಿತು. ಬುಧವಾರ ಸರ್ಜನ್ ಬೆರಳಿಟ್ಟು ನೋಡಿ "ನಾಳೆ ಮಾಡೋಣ" ಎಂದರು, ಅಷ್ಟೇ.

ಗುರುವಾರ ಬೆಳಗ್ಗೆ ಏಳಕ್ಕೆ ಮಕ್ಕಳು ಆಪರೇಷನ್ ಥಿಯೇಟರಿನ ಒಳಗೆ ಹೋದರು. ಸಂಜೆ ಐದಕ್ಕೆ ದೊಡ್ಡವಳ ಮಂಚ ಹೊರಬಂತು. ಅದರ ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು. ತಾಯಿ ಅಕ್ಕನ ಮುಖ ನೋಡಿದಳು. ಅಕ್ಕ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷ ನಾವು ಮೂವರೂ ಜೀವ ಕೈಯಲ್ಲಿ ಹಿಡಿದು ನಿಂತೆವು.

ಬಾಗಿಲು ತೆರೆಯಿತು. ಎರಡನೇ ಮಂಚ. ಪೈಪುಗಳ ನಡುವೆ ಚಿಕ್ಕವಳ ಮುಖ, ತಲೆಯ ಬಳಿ ಟಿಕ್ ಟಿಕ್ ಎನ್ನುವ ಯಂತ್ರದಲ್ಲಿ ಅವಳ ಎದೆಬಡಿತ.

ತಾಯಿ ಅಲ್ಲೇ ಕುಸಿದಳು.

"ಏಳಮ್ಮ, ಅಳೋಕೆ ಆಮೇಲೆ ಬೇಕಾದಷ್ಟು ಟೈಮಿದೆ" ಎಂದು ಅಕ್ಕ ಗದರಿದರು. "ಹೋಗಿ ಕೈ ತೊಳ್ಕೊಂಡ್ ಬಾ. ನಿನ್ನ ಮಗಳು ಕಾಯ್ತಿದಾಳೆ." ಹೇಳುವಾಗ ಅವರ ಮಾಸ್ಕು ಕಣ್ಣೀರಿನಿಂದ ತೊಯ್ದು ತೊಪ್ಪೆಯಾಗಿತ್ತು.