ನಮಗೆಂದು ತೋಡಿದ ಬಾವಿ

ನಾನು ಹುಟ್ಟಿದ್ದು ಒಂದು ಕೆರೆಯ ಏರಿಯ ಮೇಲೆ. ಯಾವ ಕೆರೆ ಎಂಬುದು ಅವ್ವನಿಗೂ ಸರಿಯಾಗಿ ನೆನಪಿರಲಿಲ್ಲ. ಎಡತೊರೆ ಕಡೆಯದು ಎಂದು ಒಮ್ಮೆ ಹೇಳಿದರೆ, ಹೊಸ ಅಗ್ರಹಾರದ ಹತ್ತಿರದ್ದು ಎಂದು ಇನ್ನೊಮ್ಮೆ ಹೇಳುತ್ತಿದ್ದಳು. ನಾವು ಒಡ್ಡರು, ಅದರಲ್ಲೂ ಮಣ್ಣೊಡ್ಡರು. ಕೆರೆಯ ಹೂಳೆತ್ತುವುದು, ಏರಿ ಹಾಕುವುದು, ಬಾವಿ ತೋಡುವುದು ನಮ್ಮ ಕೆಲಸ. ಒಂದೂರಿನ ಕೆಲಸ ಮುಗಿದರೆ ಗುಡಿಸಲಿನ ಈಚಲು ಚಾಪೆಗಳನ್ನು ಸುತ್ತಿ ಕತ್ತೆಗಳ ಮೇಲೆ ಹೇರಿಕೊಂಡು ಮುಂದಿನ ಊರಿಗೆ ನಡೆಯುತ್ತಿದ್ದೆವು. ಮನೆಯೊಳಗೆ ಹಳೆಯ ತೆಲುಗು, ಹೊರಗೆ ಈ ಸೀಮೆಯ ಕನ್ನಡ. ನಾನು ಹುಡುಗಿಯಾಗಿದ್ದಾಗಲೇ ಎರಡೂ ಬೆರೆತು ಮನೆಯಲ್ಲೂ ಕನ್ನಡವೇ ಹೆಚ್ಚಾಗಿತ್ತು.

ಓಡ್ರ ದೇಶದಿಂದ, ಅಂದರೆ ಈಗಿನ ಒರಿಸ್ಸಾ ಕಡೆಯಿಂದ, ಬಂದವರಾದ್ದರಿಂದ ನಾವು ಒಡ್ಡರಾದೆವು ಎಂದು ಎಷ್ಟೋ ವರ್ಷದ ಮೇಲೆ ಓದಿದವರೊಬ್ಬರು ನನಗೆ ಹೇಳಿದರು. ನಮ್ಮ ಅಪ್ಪನ ಅಪ್ಪ, ನಮ್ಮ ಹಟ್ಟಿಗೆ ಯಜಮಾನನಾಗಿದ್ದ ತಾತ, ಹೇಳುತ್ತಿದ್ದುದೇ ಬೇರೆ. ಕೃಷ್ಣಾ ನದಿಯ ಆಚೆ ಅಣ್ಣ ತಮ್ಮ ಇಬ್ಬರಿದ್ದರಂತೆ. ರಾಜನೊಬ್ಬ ಕೆರೆ ಕಟ್ಟಲು ಕರೆಸಿದಾಗ ಅಣ್ಣ ಗುದ್ದಲಿ ಹಿಡಿದನಂತೆ, ತಮ್ಮ ಸುತ್ತಿಗೆ ಹಿಡಿದನಂತೆ. ಕೆರೆ ತುಂಬಿದ ದಿನ ಹೆಚ್ಚು ದುಡಿದವರು ಯಾರು ಎಂದು ಇಬ್ಬರಿಗೂ ಜಗಳವಾಯಿತು. ಅಣ್ಣನ ಮಕ್ಕಳು ನಾವು, ತಮ್ಮನ ಮಕ್ಕಳು ಕಲ್ಲೊಡ್ಡರು. ಕೆರೆಯಿಂದ ಕೆರೆಗೆ ಕೆಲಸ ಹುಡುಕುತ್ತ ಎರಡು ಕಡೆಯವರೂ ದಕ್ಷಿಣಕ್ಕೆ ಇಳಿದು ಮೈಸೂರು ಸೀಮೆಗೆ ಬಂದರೂ ಅಂದಿನಿಂದ ಒಂದೇ ಒಲೆಯ ಊಟ ಉಂಡವರಲ್ಲ, ಹೆಣ್ಣು ಕೊಟ್ಟು ತಂದವರಲ್ಲ.

ನನಗೆ ತಲೆಯ ಮೇಲೆ ಮಣ್ಣಿನ ಮಂಕರಿ ಹೊರುವಷ್ಟು ಶಕ್ತಿ ಬಂದಿದ್ದ ಕಾಲದಲ್ಲಿ ನಾವು ಕಾಕನಕೋಟೆಯ ಕಾಡಿನಲ್ಲಿ ರಸ್ತೆಗೆ ಮಣ್ಣು ಹಾಕಲು ಹೋದೆವು. ಅಲ್ಲಿ ಚಳಿಜ್ವರ ಬಂದು ನನ್ನ ಪುಟ್ಟ ತಮ್ಮ ತೀರಿಕೊಂಡ. ಅವನನ್ನು ರಸ್ತೆಯ ಪಕ್ಕದಲ್ಲೇ ಮಣ್ಣು ಮಾಡಿ, ಕೆಲಸ ಮುಗಿಯಿತೆಂದು ಹೊರಟುಬಂದೆವು. ಮತ್ತೆ ಆ ಜಾಗ ಎಲ್ಲಿ ಎಂದು ಹುಡುಕಿದರೂ ಸಿಕ್ಕುವಂತಿರಲಿಲ್ಲ. ಆಮೇಲೆ ಅವ್ವ ಮಾತು ಕಡಿಮೆ ಮಾಡಿದಳು.

ಕಂಪಲಾಪುರದ ಹತ್ತಿರದ ಒಂದೂರಿನ ಕೆರೆಗೆ ಬಂದಾಗ ಅವಳು ಗುಡಿಸಲಿನ ಪಕ್ಕ ಸೋರೆಬೀಜ ಹಾಕಿದಳು. ಹೋದಹೋದಲ್ಲೆಲ್ಲ ಹಾಕುತ್ತಿದ್ದಳು. ಬಳ್ಳಿ ಹಬ್ಬುವ ಹೊತ್ತಿಗೆ ನಾವು ಹೊರಟಿರುತ್ತಿದ್ದೆವು. ಈ ಸಲ ಹೂ ಬಿಟ್ಟಿತ್ತು. ಅದೇ ಸಮಯಕ್ಕೆ ಏರಿಯ ಕೆಲಸವೂ ಮುಗಿಯಿತು. ನಾಳೆ ಗಂಟುಮೂಟೆ ಕಟ್ಟಿ ಎಂದು ತಾತ ಎಲ್ಲರಿಗೂ ಸಾರಿದ.

"ನಾ ಬರಾಕಿಲ್ಲ ಮಾವ" ಎಂದಳು ಅವ್ವ.

"ಏನಂದೆ?"

"ಬಳ್ಳಿ ಊ ಬುಟ್ಟದೆ. ಕಾಯಿ ಕಿತ್ತು, ಸಾರು ಮಾಡಿ ಉಂಡ ಮ್ಯಾಲೆ ನೋಡಾನ."

"ಒಂದು ಸೋರೆಕಾಯ್ಗೆ ಇಡೀ ಅಟ್ಟಿ ನಿಲ್ಸೀಯೇನಮ್ಮಿ?"

"ಒಂದು ಮಗೀನ ಕಾಡಲ್ಲಿ ಬುಟ್ಟು ಬಂದೀನಿ. ಇನ್ನೇನೂ ಬುಟ್ಟು ಓಗಾಕಿಲ್ಲ."

ತಾತ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಪಕ್ಕದ ಗುಡಿಸಲಿನವಳು ಸುತ್ತಿಟ್ಟಿದ್ದ ತನ್ನ ಚಾಪೆಯನ್ನು ಸುಮ್ಮನೆ ಬಿಚ್ಚಿ ಹಾಸಿ ಕುಳಿತಳು. ಅವಳನ್ನು ನೋಡಿ ಇನ್ನೊಬ್ಬಳು ಬಿಚ್ಚಿದಳು. ಮಧ್ಯಾಹ್ನದೊಳಗೆ ಹಟ್ಟಿಯ ಹೆಂಗಸರೆಲ್ಲ ಕುಳಿತಾಗಿತ್ತು. ತಾತ ಬೈದುಬೈದು ಸುಸ್ತಾಗಿ ಕತ್ತೆಗಳನ್ನು ಮೇಯಲು ಬಿಟ್ಟ.

ಮಾರನೆಯ ಬೆಳಿಗ್ಗೆ ಅವ್ವ ಆ ಹೆಂಗಸರನ್ನೆಲ್ಲ ಕರೆದುಕೊಂಡು ಪಟೇಲರ ಮನೆಯ ಮುಂದೆ ನಿಂತಳು. ನಾನೂ ಜೊತೆಗಿದ್ದೆ.

"ಮಳೆಗಾಲ್ದಲ್ಲಿ ಏರಿ ಒಡುದ್ರೆ ನಮ್ಮುನ್ನ ಉಡುಕ್ಕೊಂಡು ಆಳು ಕಳುಸ್ತೀರಿ ಬುದ್ದಿ" ಎಂದಳು. "ನಾವು ಇಲ್ಲೇ ಇದ್ರೆ ಉಡುಕೋ ಕಷ್ಟ ಇರಾಕಿಲ್ವಲ್ಲ."

ಪಟೇಲರು ನಕ್ಕರು. "ಊರಾಚೆ ಕಲ್ಲುದಿಬ್ಬ ಅದೆ. ಅಲ್ಲಿ ಉಲ್ಲೂ ಬೆಳೆಯಾಕಿಲ್ಲ. ಇರಾದಾದ್ರೆ ಇರಿ. ಆದ್ರೆ ನೀರಿಗೆ ಅಂತ ನಮ್ಮೂರ ಬಾವಿ ತಾವ ಬರಂಗಿಲ್ಲ ಕಣಮ್ಮಿ."

"ನಮ್ ಬಾವಿ ನಾವೇ ತೋಡ್ಕತೀವಿ ಬುದ್ದಿ."

ಹಿಂತಿರುಗುವಾಗ ಅವ್ವನ ನಡಿಗೆಯೇ ಬೇರೆಯಾಗಿತ್ತು. ನಾನು ಅವಳ ಹಿಂದೆ ಓಡಬೇಕಾಯಿತು.

ಎಷ್ಟೋ ಊರುಗಳಿಗೆ ಬಾವಿ ತೋಡಿದ್ದೆವು. ನಮಗೆಂದು ತೋಡಲು ಗುದ್ದಲಿ ಎತ್ತಿದ್ದು ಅದೇ ಮೊದಲು. ಕಲ್ಲುದಿಬ್ಬದ ಮೇಲೆ ಅಪ್ಪನೇ ಮೊದಲ ಏಟು ಹಾಕಿದ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು. ನಾವು ಹೆಂಗಸರು ಸಾಲಾಗಿ ನಿಂತು ಮಂಕರಿ ಸಾಗಿಸಿದೆವು. ಬೇರೆಯವರ ಬಾವಿಯಲ್ಲಿ ಹೊತ್ತ ಮಣ್ಣೂ ಅಷ್ಟೇ ಭಾರವಿದ್ದೀತು, ಆದರೆ ಈ ಮಣ್ಣು ಹೊತ್ತು ನನ್ನ ಕತ್ತು ನೋಯಲಿಲ್ಲ. ಹಾಗೆ ಆಳಕ್ಕೆ ಹೋಗಿ ಒಂದು ದಿನ ಗುದ್ದಲಿ ಠಣ್ಣೆಂದಿತು. ಕೆಳಗೆ ಒಂದೇ ಕರಿಬಂಡೆ, ಈ ಅಂಚಿನಿಂದ ಆ ಅಂಚಿಗೆ.

"ಇನ್ನು ನಮ್ ಕೈಲಾಗಾಕಿಲ್ಲ. ಇದು ಕಲ್ಲೊಡ್ರ ಕೆಲ್ಸ" ಎಂದ ತಾತ. "ನಾ ಅವ್ರ ಬಾಗ್ಲಿಗೆ ಓಗಾಕಿಲ್ಲ."

"ನೀವು ಓಗಬ್ಯಾಡಿ ಮಾವ. ನಾ ಓಯ್ತೀನಿ" ಎಂದಳು ಅವ್ವ.

ಹುಣಸೂರಿನ ದಾರಿಯಲ್ಲಿ ಕಲ್ಲೊಡ್ಡರ ಹಟ್ಟಿಯೊಂದು ಸೇತುವೆಗೆ ಕಲ್ಲು ಒಡೆಯುತ್ತಿತ್ತು. ಅವ್ವನೂ ನಾನೂ ಬುತ್ತಿ ಕಟ್ಟಿಕೊಂಡು ನಡೆದೆವು. ನಾವು ಯಾರೆಂದು ತಿಳಿದಾಗ ಸುತ್ತಿಗೆಗಳ ಸದ್ದು ಒಂದೊಂದಾಗಿ ನಿಂತಿತು. ಅವರ ಯಜಮಾನ, ಮೈಯೆಲ್ಲ ಕಲ್ಲಿನ ಧೂಳು ಮೆತ್ತಿದ್ದ ಮುದುಕ, ಎದ್ದುಬಂದ.

"ಮಣ್ಣೊಡ್ರು ನಮ್ತಾವ ಬಂದೀರಾ? ಯಾರ ಬಾವಿ?"

"ನಮ್ದೇ ಅಣ್ಣ."

"ಯಾವೂರ ಗೌಡ್ರುದು ಅಂತ ಕೇಳ್ದೆ ಕಣವ್ವ."

"ಗೌಡ್ರುದಲ್ಲ. ನಮ್ದು. ನಾವಿರಾಕೆ, ನಾವು ಕುಡಿಯಾಕೆ."

ಮುದುಕ ಕೈಯ ಧೂಳು ಕೊಡವಿಕೊಂಡ. ಆಮೇಲೆ ತನ್ನವರ ಕಡೆ ತಿರುಗಿ, "ಕೇಳುದ್ರೇನ್ರಲಾ, ಒಡ್ರಿಗೆ ಒಡ್ರುದೇ ಬಾವಿಯಂತೆ!" ಎಂದು ಜೋರಾಗಿ ನಕ್ಕ. ಗೇಲಿಯಲ್ಲ, ಸಂತೋಷದ ನಗು. ನಮಗೆ ಕೂರಲು ಕಲ್ಲು ತೋರಿಸಿ, ಮಜ್ಜಿಗೆ ತರಿಸಿದ. ಅವ್ವ ಕುಡಿದಳು. ಅವಳನ್ನು ನೋಡಿ ನಾನೂ ಕುಡಿದೆ.

ಆ ವಾರದ ಕೆಲಸ ಮುಗಿಸಿಕೊಂಡು ಅವರು ಸುತ್ತಿಗೆ, ಉಳಿ, ಬೆಣೆಗಳನ್ನು ಹೊತ್ತು ಬಂದರು. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ ಕಾಯಿಸಿ, ಸಂದಿನಲ್ಲಿ ಬೆಣೆ ಹೊಡೆದು ಸೀಳಿದರು. ಅವರು ಒಡೆದ ಕಲ್ಲನ್ನು ನಾವು ಮೇಲಕ್ಕೆ ಸಾಗಿಸಿದೆವು. ತಾತ ಬಾವಿಗೆ ಬೆನ್ನು ಹಾಕಿ ಕುಳಿತಿರುತ್ತಿದ್ದ. ಆದರೆ ಸುತ್ತಿಗೆಯ ಏಟು ನಿಂತಾಗಲೆಲ್ಲ ಕತ್ತು ತಿರುಗಿಸಿ ನೋಡುವುದನ್ನು ನಾನು ಕಂಡಿದ್ದೇನೆ.

ಒಂದು ದಿನ ಬಿಸಿಲು ನೆತ್ತಿಗೆ ಬಂದಿದ್ದಾಗ ಕೆಳಗಿನಿಂದ ಅಪ್ಪ ಕೂಗಿದ. ಬಂಡೆಯ ಸೀಳಿನಿಂದ ನೀರು ಬೆರಳು ಗಾತ್ರ ಚಿಮ್ಮುತ್ತಿತ್ತು. ಕಲ್ಲೊಡ್ಡರ ಹುಡುಗರೂ ನಮ್ಮ ಗಂಡಸರೂ ಕೆಸರಲ್ಲೇ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದರು. ಅವ್ವ ಹಗ್ಗ ಇಳಿಬಿಟ್ಟು ಮೊದಲ ಕೊಡವನ್ನು ಸೇದಿದಳು. ಅದರಿಂದ ದೇವರಿಗೆ ಒಂದು ಹನಿ ಚಿಮುಕಿಸಿ, ಕೊಡವನ್ನು ನೇರ ತಾತನ ಮುಂದೆ ತಂದಿಟ್ಟಳು. ತಾತ ಬೊಗಸೆಯಲ್ಲಿ ತೆಗೆದುಕೊಂಡ. ತಾನು ಕುಡಿಯಲಿಲ್ಲ. ಎದ್ದು ನಡೆದು ಹೋಗಿ ಕಲ್ಲೊಡ್ಡರ ಮುದುಕನ ಮುಂದೆ ಬೊಗಸೆ ಚಾಚಿದ.

"ಕುಡಿ ತಮ್ಮಯ್ಯ. ನಿಮ್ ಕೆಲ್ಸಾನೇ ಎಚ್ಚು."

"ಇಲ್ಲ ಕಣಣ್ಣ, ನಿಮ್ದೇ ಎಚ್ಚು" ಎಂದ ಮುದುಕ. ಇಬ್ಬರೂ ಅಳುತ್ತ ನಗುತ್ತಿದ್ದರು. ನೀರೆಲ್ಲ ಬೆರಳ ಸಂದಿಯಲ್ಲಿ ಸೋರಿಹೋಯಿತು.

ಅಂದು ಒಂದೇ ಒಲೆಯ ಮೇಲೆ ರಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿದೆವು, ಅವ್ವನ ಬಳ್ಳಿಯ ಸೋರೆಕಾಯಿ ಹಾಕಿ ಹುರುಳಿ ಸಾರು ಕುದಿಸಿದೆವು. ಎರಡು ಹಟ್ಟಿಯವರೂ ಬೆರೆತು ಕುಳಿತು ಉಂಡರು. ಮಾರನೆಯ ವರ್ಷ ಆ ಮುದುಕನ ಮೊಮ್ಮಗನಿಗೇ ನನ್ನನ್ನು ಕೊಟ್ಟರು. ಮದುವೆಯ ಚಪ್ಪರ ಬಾವಿಯ ಪಕ್ಕದಲ್ಲೇ ಎದ್ದಿತು. ಸೇತುವೆ ಕೆಲಸ ಮುಗಿದ ಮೇಲೆ ಅವರ ಹಟ್ಟಿಯೂ ದಿಬ್ಬಕ್ಕೆ ಬಂದು ನೆಲೆಸಿತು.

ನನ್ನ ಮದುವೆಯಾದ ವರ್ಷದ ಬೇಸಿಗೆಯಲ್ಲಿ ಊರ ಬಾವಿ ಬತ್ತಿತು. ಒಂದು ಬೆಳಿಗ್ಗೆ ಪಟೇಲರ ಸೊಸೆ ಕೊಡ ಹಿಡಿದು ದಿಬ್ಬ ಹತ್ತಿ ಬಂದು, ಬಾವಿಯಿಂದ ದೂರದಲ್ಲೇ ನಿಂತಳು.

"ಸೇದ್ಕಳ್ಳಿ ತಾಯಿ. ಇಲ್ಲಿ ಬರಬ್ಯಾಡಿ ಅನ್ನೋರು ಯಾರೂ ಇಲ್ಲ" ಎಂದು ಅವ್ವ ಹಗ್ಗವನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಊರಿನ ಅರ್ಧ ಜನ ನಮ್ಮಲ್ಲಿಗೇ ಬಂದರು. ಪಟೇಲರೂ ಬಂದು ಬಾವಿಯೊಳಕ್ಕೆ ಇಣುಕಿ ನೋಡಿ, "ಭೇಷ್" ಎಂದು ಹೇಳಿ ಹೋದರು.

ಮುಂದೆ ಒಡ್ಡರ ಹಟ್ಟಿಗಳು ಕೆಲಸ ಹುಡುಕಿಕೊಂಡು ಆ ದಾರಿಯಲ್ಲಿ ಹೋಗುವಾಗ ನಮ್ಮ ದಿಬ್ಬದಲ್ಲಿ ಇಳಿದುಕೊಳ್ಳತೊಡಗಿದವು. ಕೆಲವರು ಹೋಗುತ್ತಿದ್ದರು, ಕೆಲವರು ಹೋಗುತ್ತಿರಲಿಲ್ಲ. ಹೋಗದೆ ಉಳಿದವರಿಗೆ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗುಡಿಸಲು ಹಾಕಲು ತಾನೇ ಜಾಗ ತೋರಿಸುತ್ತಿದ್ದಳು.

"ಕಂಬ ಆಳಕ್ಕೆ ನೆಡ್ರಪ್ಪ, ಇನ್ನೂ ಆಳಕ್ಕೆ" ಎನ್ನುತ್ತಿದ್ದಳು.